ವಿದ್ಯಾರ್ಥಿಗಳ ಚಿಂತೆ ಅಳೆಯುವ ಹದಿನಾರು ವಾಕ್ಯಗಳು: ಪೆನ್ ಸ್ಟೇಟ್ ಪ್ರಶ್ನಾವಳಿಯ ವಿಮರ್ಶೆ

ಮನೋವಿಜ್ಞಾನ, ಸಮಾಜಕಾರ್ಯ ಅಥವಾ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡುವ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ವಿಷಯ ಹುಡುಕುವಾಗ 'ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಚಿಂತೆ: ಲಿಂಗಾಧಾರಿತ ವ್ಯತ್ಯಾಸಗಳು' ಎಂಬ ಶೀರ್ಷಿಕೆಯತ್ತ ಬೇಗ ಒಲಿಯುತ್ತಾರೆ. ಆ ಶೀರ್ಷಿಕೆಯನ್ನು ಒಪ್ಪಿಕೊಂಡ ಮರುದಿನವೇ ಅವರ ಕೈಯಲ್ಲಿ ಪೆನ್ ಸ್ಟೇಟ್ ವರಿ ಕ್ವೆಶ್ಚನೇರ್ ಎಂಬ ಒಂದು ಪುಟದ ಪ್ರಶ್ನಾವಳಿ ಇರುತ್ತದೆ. ಅಧ್ಯಾಪಕಿಯಾಗಿ ಇದನ್ನು ನಾನು ತರಗತಿಯಲ್ಲಿ ಹಂಚಿದ್ದೇನೆ, ತುಂಬಿದ ಹಾಳೆಗಳಿಗೆ ಅಂಕ ಹಾಕಿದ್ದೇನೆ, ಅದರ ಮೇಲೆ ಬರೆದ ಪ್ರಬಂಧಗಳನ್ನು ತಿದ್ದಿದ್ದೇನೆ. ಇದನ್ನು ಬಳಸಬೇಕೆಂದಿರುವ ಸಹೋದ್ಯೋಗಿಗಳಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗೆ ಈ ಸಾಧನ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು, ಅದರಲ್ಲೂ ಹುಡುಗರು ಮತ್ತು ಹುಡುಗಿಯರ ನಡುವೆ ಅದು ತೋರಿಸುವ ಅಂತರವನ್ನು ಹೇಗೆ ಓದಬೇಕು ಎಂಬುದನ್ನು ತಿಳಿಸಲು ಈ ವಿಮರ್ಶೆ ಬರೆಯುತ್ತಿದ್ದೇನೆ.

ಈ ಪ್ರಶ್ನಾವಳಿಯನ್ನು ಮೇಯರ್, ಮಿಲ್ಲರ್, ಮೆಟ್ಜ್‌ಗರ್ ಮತ್ತು ಬೊರ್ಕೊವೆಕ್ ಎಂಬ ನಾಲ್ವರು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1990ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ಪರೀಕ್ಷಿಸಿ ಬೆಳೆಸಿದ ಸಾಧನವಾದ್ದರಿಂದ ನಮ್ಮ ಉದ್ದೇಶಕ್ಕೆ ಅದು ದೂರದ್ದೇನಲ್ಲ. ಒಟ್ಟು 16 ವಾಕ್ಯಗಳಿವೆ. ಪ್ರತಿ ವಾಕ್ಯವೂ ತನಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿ 1ರಿಂದ 5ರೊಳಗೆ ಗುರುತು ಹಾಕಬೇಕು. ಹೀಗಾಗಿ ಒಟ್ಟು ಅಂಕ 16ಕ್ಕಿಂತ ಕಡಿಮೆ ಇರಲಾರದು, 80ನ್ನು ಮೀರಲಾರದು. ಹನ್ನೊಂದು ವಾಕ್ಯಗಳು ಚಿಂತೆ ಇದೆ ಎನ್ನುವಂತಿದ್ದರೆ, ಐದು ವಾಕ್ಯಗಳು, ಅಂದರೆ 1, 3, 8, 10 ಮತ್ತು 11ನೆಯವು, ಚಿಂತೆ ಇಲ್ಲ ಎನ್ನುವಂತಿವೆ. ಇವುಗಳ ಅಂಕವನ್ನು ತಿರುಗಿಸಿ, ಅಂದರೆ 1 ಹಾಕಿದ್ದರೆ 5, 2 ಹಾಕಿದ್ದರೆ 4 ಎಂಬಂತೆ, ಕೂಡಬೇಕು. ಹತ್ತು ನಿಮಿಷದೊಳಗೆ ಇಡೀ ತರಗತಿ ತುಂಬಿ ಕೊಡುತ್ತದೆ.

ಇದರ ಬಹುದೊಡ್ಡ ವೈಶಿಷ್ಟ್ಯವೆಂದರೆ ಹದಿನಾರರಲ್ಲಿ ಯಾವ ವಾಕ್ಯವೂ ಚಿಂತೆ ಯಾವುದರ ಬಗ್ಗೆ ಎಂದು ಕೇಳುವುದಿಲ್ಲ. ಚಿಂತೆ ಎಷ್ಟು ಸಲ ಬರುತ್ತದೆ, ಒಮ್ಮೆ ಹಿಡಿದರೆ ಬಿಡುತ್ತದೆಯೇ, ಒಂದು ಕೆಲಸ ಮುಗಿದ ಕೂಡಲೇ ಮನಸ್ಸು ಮುಂದಿನದಕ್ಕೆ ಹಾರುತ್ತದೆಯೇ, ಚಿಂತಿಸಬಾರದೆಂದು ಗೊತ್ತಿದ್ದರೂ ತಡೆಯಲಾಗುವುದಿಲ್ಲವೇ ಎಂಬುದಷ್ಟೇ ಅದರ ಆಸಕ್ತಿ. ಇದು ರಚನಾಕಾರರು ತಿಳಿದೇ ಮಾಡಿದ ಆಯ್ಕೆ. ಚಿಂತೆ ಎಂದರೆ ಮುಂದೆ ಒದಗಬಹುದಾದ ಕೆಡುಕಿನ ಸುತ್ತ, ಬಹುಪಾಲು ಮಾತಿನ ರೂಪದಲ್ಲಿ, ಒಂದರ ಹಿಂದೊಂದು ಹೆಣೆದುಕೊಳ್ಳುತ್ತ ಹೋಗುವ, ಹಿಡಿತಕ್ಕೆ ಸುಲಭವಾಗಿ ಸಿಗದ ವಿಚಾರಗಳ ಸರಪಳಿ ಎಂಬುದು ಬೊರ್ಕೊವೆಕ್ ಮತ್ತು ಸಂಗಡಿಗರ ತಿಳಿವಳಿಕೆ. ಆ ಸರಪಳಿಯ ಬಿಗಿಯನ್ನು ಅಳೆಯಲು ಹೊರಟವರಿಗೆ ವಿಷಯ ಮುಖ್ಯವಾಗಿರಲಿಲ್ಲ. ಅಳೆಯಲು ಹೊರಟಿದ್ದನ್ನು ಈ ಮಾಪಕ ಚೆನ್ನಾಗಿಯೇ ಅಳೆಯುತ್ತದೆ: ವಾಕ್ಯಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಬಳಸಿದಾಗಲೂ ಅದು ಬಹುಮಟ್ಟಿಗೆ ನಿಂತಿದೆ, ಸಾಮಾನ್ಯೀಕೃತ ಆತಂಕದ ಕಾಯಿಲೆ (ಹಲವು ಸಂಗತಿಗಳ ಬಗ್ಗೆ ಹತೋಟಿ ಮೀರಿ ಬಹುಕಾಲ ಕಾಡುವ ಚಿಂತೆ) ಇರುವವರನ್ನು ಇಲ್ಲದವರಿಂದ ತಕ್ಕಮಟ್ಟಿಗೆ ಬೇರ್ಪಡಿಸಿ ತೋರಿಸುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಈ ಹಾಳೆ ಹಂಚಿದಾಗ ಹುಡುಗಿಯರ ಸರಾಸರಿ ಹುಡುಗರದಕ್ಕಿಂತ ಹೆಚ್ಚು ಬರುವುದು ಅನೇಕ ಅಧ್ಯಯನಗಳಲ್ಲಿ ಮರುಕಳಿಸಿರುವ ಫಲಿತಾಂಶ. ಈ ಕುರಿತು ನಾನು ಹೆಚ್ಚು ಗೌರವದಿಂದ ಕಾಣುವ ಅಧ್ಯಯನ ರೊಬಿಶೊ, ಡೂಗಾ ಮತ್ತು ಕಾನ್ವೆ ಅವರದು. ಕೆನಡಾದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಕುರಿತ ಅದು 2003ರಲ್ಲಿ ಪ್ರಕಟವಾಯಿತು. ಹುಡುಗಿಯರು ಹೆಚ್ಚು ಚಿಂತಿಸುತ್ತಾರೆ ಎಂದು ಹೇಳಿ ಅವರು ನಿಲ್ಲಿಸಲಿಲ್ಲ; ಚಿಂತೆಯ ಜೊತೆಗೆ ಬರುವ ಇತರ ಒಲವುಗಳನ್ನೂ ನೋಡಿದರು. ಅನಿಶ್ಚಿತತೆಯನ್ನು ಸಹಿಸಲಾಗದಿರುವುದು, ಚಿಂತೆಯಿಂದ ಒಳಿತಾಗುತ್ತದೆಂಬ ನಂಬಿಕೆ, ಸಮಸ್ಯೆ ಎದುರಾದಾಗ ಇದು ನನ್ನಿಂದಾಗದು ಎಂದು ಮೊದಲೇ ಕುಗ್ಗುವುದು, ಮತ್ತು ಬೇಡದ ವಿಚಾರವನ್ನು ಬಲವಂತವಾಗಿ ಒಳಗೆ ಅದುಮುವುದು, ಇವೆಲ್ಲ ಅವರ ಪಟ್ಟಿಯಲ್ಲಿದ್ದವು. ಕೊನೆಯ ಎರಡರಲ್ಲಿ, ಅಂದರೆ ಸಮಸ್ಯೆಯೆದುರು ಕುಗ್ಗುವುದರಲ್ಲಿ ಮತ್ತು ವಿಚಾರವನ್ನು ಅದುಮುವುದರಲ್ಲಿ, ಹುಡುಗಿಯರ ಅಂಕ ಹೆಚ್ಚಿತ್ತು. ಅದುಮಿದ ವಿಚಾರ ಇನ್ನಷ್ಟು ಬಲವಾಗಿ ಮೇಲೇಳುತ್ತದೆ ಎಂಬುದು ಮನೋವಿಜ್ಞಾನದ ಪ್ರಯೋಗಗಳಲ್ಲಿ ಕಂಡುಬಂದಿರುವ ಸಂಗತಿಯಾದ್ದರಿಂದ, ಅಂತರ ಎಲ್ಲಿಂದ ಹುಟ್ಟುತ್ತಿರಬಹುದು ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ಆ ಸುಳಿವು ಹದಿನಾರು ವಾಕ್ಯಗಳ ಹಾಳೆಯಿಂದ ಬಂದದ್ದಲ್ಲ, ಅದರ ಪಕ್ಕದಲ್ಲಿಟ್ಟ ಬೇರೆ ಮಾಪಕಗಳಿಂದ ಬಂದದ್ದು ಎಂಬುದನ್ನು ಗಮನಿಸಬೇಕು. ನಮ್ಮ ಕಿರುಪ್ರಬಂಧಗಳಲ್ಲಿ ಕಾಣದಿರುವುದು ಇದೇ. ಮೊದಲ ಹಾಳೆ ಮಾತ್ರ ಹಂಚಿ, ಎರಡು ಸರಾಸರಿಗಳ ಅಂತರ ಬರೀ ಆಕಸ್ಮಿಕವೇ ಎಂದು ನೋಡುವ ಟಿ-ಪರೀಕ್ಷೆ ಮಾಡಿ, ವ್ಯತ್ಯಾಸ ಗಣನೀಯ ಎಂದು ಬರೆದು ಮುಗಿಸಿಬಿಡುತ್ತಾರೆ.

'ಗಣನೀಯ' ಎಂದಾಗ ಅಂತರ ಎಷ್ಟು ದೊಡ್ಡದು ಎಂಬುದನ್ನೂ ಹೇಳಬೇಕಾಗುತ್ತದೆ. ಲೆಕ್ಕಕ್ಕಾಗಿ, ಎರಡು ಗುಂಪುಗಳ ಸರಾಸರಿಯ ನಡುವೆ 5 ಅಂಕದ ಅಂತರವಿದೆ, ಪ್ರತಿ ಗುಂಪಿನ ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 13 ಇದೆ ಎಂದಿಟ್ಟುಕೊಳ್ಳೋಣ. ಯಾದೃಚ್ಛಿಕವಾಗಿ ಒಬ್ಬ ಹುಡುಗಿಯನ್ನೂ ಒಬ್ಬ ಹುಡುಗನನ್ನೂ ಆರಿಸಿ ಹೋಲಿಸುತ್ತ ಹೋದರೆ, ನೂರು ಜೋಡಿಗಳಲ್ಲಿ ಸುಮಾರು 60ರಲ್ಲಿ ಹುಡುಗಿಯ ಅಂಕ ಹೆಚ್ಚಿರುತ್ತದೆ, ಉಳಿದ 40ರಲ್ಲಿ ಹುಡುಗನದೇ ಹೆಚ್ಚು. ಇಷ್ಟು ಮಟ್ಟಿಗೆ ಒಂದರ ಮೇಲೊಂದು ಹಾಯುವ ಎರಡು ಗುಂಪುಗಳ ಬಗ್ಗೆ 'ಹೆಣ್ಣುಮಕ್ಕಳ ಸ್ವಭಾವವೇ ಹಾಗೆ' ಎಂದು ಹೇಳುವುದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಹಾಗೆ ಹೇಳಿದ ವಿಚಾರಸಂಕಿರಣವೊಂದರಲ್ಲಿ ನಾನು ಕುಳಿತಿದ್ದೆ. ಪರದೆಯ ಮೇಲೆ ಎರಡು ಕಂಬಗಳ ಚಿತ್ರ ಬಂತು; ಲಂಬ ಅಕ್ಷ 40ರಿಂದ ಆರಂಭವಾಗಿದ್ದರಿಂದ ಸಣ್ಣ ಅಂತರವೂ ಇಮ್ಮಡಿಯಂತೆ ಕಾಣುತ್ತಿತ್ತು. ಸಭೆಯಲ್ಲಿದ್ದ ವಿದ್ಯಾರ್ಥಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಬಗ್ಗೆ ವಿಶ್ವವಿದ್ಯಾಲಯವೇ ತೀರ್ಪು ಕೊಟ್ಟಂತೆ ಅವರಿಗೆ ಅನಿಸಿರಲು ಸಾಕು.

ಬಳಕೆಯಲ್ಲಿ ಎದುರಾಗುವ ಎರಡು ತೊಡಕುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇವೆರಡೂ ಅಂತರದ ಲೆಕ್ಕವನ್ನೇ ಕೆಡಿಸಬಲ್ಲವು. ಮೊದಲನೆಯದು ತಿರುಗಿಸಬೇಕಾದ ಐದು ವಾಕ್ಯಗಳು. ಯಾವುದರ ಬಗ್ಗೆಯೂ ನಾನು ಚಿಂತಿಸುವುದಿಲ್ಲ ಎನ್ನುವ ಅರ್ಥದ ವಾಕ್ಯ ಕನ್ನಡದಲ್ಲಿ 'ಇಲ್ಲ'ದಿಂದ ಮುಗಿಯುತ್ತದೆ. ಅದರ ಮುಂದಿನ ಉತ್ತರವೂ 'ನನಗೆ ಸ್ವಲ್ಪವೂ ಒಪ್ಪುವುದಿಲ್ಲ' ಎಂದು ಆರಂಭವಾಗುತ್ತದೆ. ಇಲ್ಲ ಎನ್ನುವುದಕ್ಕೆ ಇಲ್ಲ ಎಂದು ಹಾಕಬೇಕೇ ಮೇಡಂ ಎಂದು ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ, ಕೇಳದವರು ತೋಚಿದಂತೆ ಹಾಕುತ್ತಾರೆ. ಈ ಐದು ವಾಕ್ಯಗಳು ಉಳಿದ ಹನ್ನೊಂದರಿಂದ ಬೇರೆಯಾಗಿ ಗುಂಪುಗೂಡುತ್ತವೆ ಎಂಬುದನ್ನು ಇಂಗ್ಲಿಷಿನಲ್ಲಿ ಬಳಸಿದ ಸಂಶೋಧಕರೇ ಕಂಡಿದ್ದಾರೆ. ಅದು ಚಿಂತೆಯ ಇನ್ನೊಂದು ಮುಖವಲ್ಲ, ವಾಕ್ಯ ಕಟ್ಟಿದ ರೀತಿಯಿಂದಾದ ಪರಿಣಾಮ ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ. ಇವನ್ನು ಕೈಬಿಟ್ಟ, 8 ವಾಕ್ಯಗಳ ಚಿಕ್ಕ ರೂಪವೊಂದಿದೆ. ಮೂಲತಃ ಹಿರಿಯ ವಯಸ್ಸಿನವರಿಗಾಗಿ ಮಾಡಿದ್ದಾದರೂ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳ ನಡುವೆ ಆ ಎಂಟು ವಾಕ್ಯಗಳನ್ನು ಪರಿಶೀಲಿಸಿ ನೋಡುವ ಕೆಲಸವನ್ನು ಯಾರಾದರೂ ಪಿಎಚ್‌ಡಿ ವಿದ್ಯಾರ್ಥಿ ಎತ್ತಿಕೊಂಡರೆ ಅದು ಬಹಳ ಜನಕ್ಕೆ ಉಪಕಾರವಾದೀತು.

ಎರಡನೆಯದು ಓದದೆ ತುಂಬಿದ ಹಾಳೆ. ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ಪೆನ್ನನ್ನು 1ರ ಕಂಬದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಾಗಿ ಎಳೆದು, ಹಾಳೆಯನ್ನು ಮಡಿಸಿಟ್ಟು ಕಿಟಕಿಯತ್ತ ನೋಡುತ್ತ ಕುಳಿತದ್ದನ್ನು ನಾನು ನೋಡಿದ್ದೇನೆ. ಅವನ ಅಂಕ ಎಷ್ಟು? ಹನ್ನೊಂದು ನೇರ ವಾಕ್ಯಗಳಿಗೆ ತಲಾ 1ರಂತೆ 11, ತಿರುಗಿಸಿದ ಐದಕ್ಕೆ ತಲಾ 5ರಂತೆ 25, ಒಟ್ಟು 36. ಆ 36 ಅನುಮಾನ ಹುಟ್ಟಿಸುವ ಸಂಖ್ಯೆಯಲ್ಲ. ಚಿಂತೆ ಕಡಿಮೆಯಿರುವ, ನೆಮ್ಮದಿಯ ವಿದ್ಯಾರ್ಥಿಯ ಅಂಕದಂತೆ ಅದು ಕೋಷ್ಟಕದಲ್ಲಿ ಸೇರಿಬಿಡುತ್ತದೆ. ಎಲ್ಲಕ್ಕೂ 3 ಹಾಕಿದವರಿಗೆ 48, ಎಲ್ಲಕ್ಕೂ 5 ಹಾಕಿದವರಿಗೆ 60 ಬರುತ್ತದೆ. ನನ್ನ ತರಗತಿಗಳಲ್ಲಿ 1ರ ಕಂಬದಲ್ಲಿ ಹೀಗೆ ಗೆರೆ ಎಳೆದವರಲ್ಲಿ ಹುಡುಗರೇ ಹೆಚ್ಚು. ಅವರ ಮನಸ್ಸಿನಲ್ಲಿ ಚಿಂತೆ ಇರಲಿಲ್ಲವೆಂದು ಆ ಗೆರೆ ಹೇಳುವುದಿಲ್ಲ. ಈ ಹಾಳೆಗೆ ಉತ್ತರ ಕೊಡಲು ಅವರು ಒಪ್ಪಲಿಲ್ಲ ಎಂದಷ್ಟೇ ಹೇಳುತ್ತದೆ. ಒಟ್ಟು ಅಂಕ ಕೂಡುವ ಮುನ್ನ ಇಂತಹ ಹಾಳೆಗಳನ್ನು ಕೈಯಾರೆ ಬೇರ್ಪಡಿಸದಿದ್ದರೆ ಹುಡುಗರ ಸರಾಸರಿ ಸುಳ್ಳಾಗಿ ಇಳಿಯುತ್ತದೆ, ಅಂತರ ಸುಳ್ಳಾಗಿ ಹಿಗ್ಗುತ್ತದೆ. ಹಾಳೆಯ ಬದಲು ಗೂಗಲ್ ಫಾರ್ಮ್ ಕಳಿಸುವವರಿಗೆ ಗೆರೆ ಎಳೆದ ಪೆನ್ನು ಕಾಣುವುದೇ ಇಲ್ಲವಾದ್ದರಿಂದ ಅವರು ಇನ್ನೂ ಎಚ್ಚರವಾಗಿರಬೇಕು.

ಓದದೆ ತುಂಬುವುದು ಒಂದು, ಓದಿಯೂ ಮುಚ್ಚಿಡುವುದು ಇನ್ನೊಂದು. 1992ರಲ್ಲಿ ಪಿಯರ್ಸ್ ಮತ್ತು ಕರ್ಕ್‌ಪ್ಯಾಟ್ರಿಕ್ ಎಂಬಿಬ್ಬರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಭಯದ ಪ್ರಶ್ನಾವಳಿಯೊಂದನ್ನು ಎರಡು ಸಲ ಕೊಟ್ಟರು. ಎರಡನೆಯ ಸಲ, ಹೃದಯ ಬಡಿತ ನೋಡಿ ಉತ್ತರದ ನಿಜವನ್ನು ಕಂಡುಕೊಳ್ಳಬಹುದೆಂದು ನಂಬುವಂತೆ ಮಾಡಿದರು. ಹುಡುಗಿಯರ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಹುಡುಗರು ಒಪ್ಪಿಕೊಂಡ ಭಯ ಮಾತ್ರ ಏರಿತು. ಅದು ಇಲಿ ಮತ್ತು ರೋಲರ್ ಕೋಸ್ಟರ್‌ನಂತಹವುಗಳ ಭಯವನ್ನು ಕುರಿತದ್ದು, ಚಿಂತೆಯನ್ನು ಕುರಿತದ್ದಲ್ಲ. ಆದ್ದರಿಂದ ನೇರವಾಗಿ ಹೊಂದಿಸಲಾಗದು. ಆದರೂ ತಾನೇ ತನ್ನ ಬಗ್ಗೆ ಬರೆದುಕೊಡುವ ಯಾವ ಹಾಳೆಯಲ್ಲಿಯೂ ಗಂಡಸಿನಿಂದ ಸಮಾಜ ನಿರೀಕ್ಷಿಸುವ ಧೈರ್ಯ ಬಂದು ಕೂರುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಪೆನ್ ಸ್ಟೇಟ್ ಪ್ರಶ್ನಾವಳಿಯಲ್ಲಿ ಇದನ್ನು ಹಿಡಿಯುವ ಯಾವ ವ್ಯವಸ್ಥೆಯೂ ಇಲ್ಲ.

ಇನ್ನು ವಿಷಯವನ್ನು ಕೇಳದಿರುವುದರ ಬೆಲೆ. ಒಮ್ಮೆ ತುಂಬಿ ಬಂದ ಹಾಳೆಯ ಅಂಚಿನಲ್ಲಿ, ಕೆಲಸಗಳು ಪೂರ್ತಿ ಮುಗಿಯುವ ತನಕ ಚಿಂತಿಸುತ್ತೇನೆ ಎಂಬರ್ಥದ ಕೊನೆಯ ವಾಕ್ಯದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: 'ಕಾಲೇಜಿನ ಕೆಲಸವೋ, ಮನೆಯದೋ?' 4ಕ್ಕೆ ಗುರುತು ಹಾಕಿ, ಅಳಿಸಿ, 5ಕ್ಕೆ ಹಾಕಲಾಗಿತ್ತು. ಹೆಸರಿಲ್ಲದ ಹಾಳೆಯಾದರೂ ವಿದ್ಯಾರ್ಥಿನಿಯದು ಎಂಬ ಗುರುತು ಮೇಲಿತ್ತು. ನಮ್ಮ ಜಿಲ್ಲಾ ಕೇಂದ್ರಗಳ ಸ್ನಾತಕೋತ್ತರ ವಿಭಾಗಗಳನ್ನು ಬಲ್ಲ ಯಾರಿಗೂ ಆ ಪ್ರಶ್ನೆ ಅರ್ಥವಾಗುತ್ತದೆ. ದೇಶದ ಉನ್ನತ ಶಿಕ್ಷಣದಲ್ಲಿ 2021-22ರಲ್ಲಿದ್ದ 4.33 ಕೋಟಿ ವಿದ್ಯಾರ್ಥಿಗಳ ಪೈಕಿ 2.07 ಕೋಟಿ ಹೆಣ್ಣುಮಕ್ಕಳು. ಸಂಖ್ಯೆಯಲ್ಲಿ ಅವರು ಹುಡುಗರ ಸಮಸಮಕ್ಕೆ ಹತ್ತಿರ ಬಂದಿದ್ದಾರೆ, ಆದರೆ ಅವರ ಎದುರಿನ ಅನಿಶ್ಚಿತತೆಗಳು ಬೇರೆಯವು. ಇಂಟರ್ನಲ್ಸ್ ಇರುವ ವಾರವೇ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಮನೆಯಿಂದ ಫೋನ್ ಬರಬಹುದು. ಮಧ್ಯಾಹ್ನದ ಪ್ರಾಕ್ಟಿಕಲ್ ತಡವಾದರೆ ಊರಿನ ಕೊನೆಯ ಬಸ್ಸು ಹೋಗಿಬಿಡುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿದೆಯೇ ಹೊರತು ಬಸ್ ಸ್ಟ್ಯಾಂಡಿನಿಂದ ಮನೆಯವರೆಗಿನ ಕತ್ತಲ ದಾರಿಯ ಚಿಂತೆ ತಪ್ಪಿಲ್ಲ. ಎಂ.ಎ. ಮುಗಿದ ಮೇಲೆ ಬಿ.ಎಡ್. ಮಾಡಲು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆಸೆಟ್ ಬರೆಯಲು, ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಹುಡುಕಲು ಮನೆಯವರು ಒಪ್ಪುತ್ತಾರೋ ಇಲ್ಲವೋ ಎಂಬುದು ಅವಳ ಅಂಕಪಟ್ಟಿಯ ಮೇಲೆ ನಿಂತಿಲ್ಲ. ನಿರ್ಧಾರ ತನ್ನ ಕೈಯಲ್ಲಿಲ್ಲದ ಸಂಗತಿಗಳ ಬಗ್ಗೆ ಚಿಂತಿಸುವುದನ್ನು ನಿಲ್ಲಿಸಲಾಗುವುದಿಲ್ಲ ಎಂದು ಅವಳು 5ಕ್ಕೆ ಗುರುತು ಹಾಕಿದರೆ, ಅದು ಅವಳ ಮನಸ್ಸಿನ ದೌರ್ಬಲ್ಯವೆಂದು ಓದುವುದು ಅನ್ಯಾಯ.

ಹುಡುಗರ ಚಿಂತೆಗಳೂ ಸಣ್ಣವಲ್ಲ. ಅಪ್ಪನ ಬೆಳೆಸಾಲ, ತಂಗಿಯ ಮದುವೆ, ಸ್ಪರ್ಧಾತ್ಮಕ ಪರೀಕ್ಷೆಯ ಅಧಿಸೂಚನೆ ಬರುವುದರೊಳಗೆ ಮೀರಿಹೋಗುವ ವಯೋಮಿತಿ, ಓದು ಮುಗಿಸಿ ಊರಿಗೆ ಹೋದರೆ ಏನು ಮಾಡಿಕೊಂಡಿದ್ದೀಯಪ್ಪ ಎಂದು ಕೇಳುವ ಕಟ್ಟೆಯ ಮೇಲಿನ ಜನ. ಇವರು ನನ್ನ ಕೊಠಡಿಗೆ ಬಂದು ಚಿಂತೆಯಾಗಿದೆ ಮೇಡಂ ಎಂದು ಹೇಳಿದ್ದು ತೀರ ಅಪರೂಪ. ಹಾಜರಾತಿ ಕೊರತೆಯ ಪತ್ರಕ್ಕೆ ಸಹಿ ಹಾಕಿಸಲು ಬರುತ್ತಾರೆ. ಏಕೆ ಬರಲಿಲ್ಲ ಎಂದರೆ ಹೊಟ್ಟೆನೋವು, ತಲೆನೋವು, ರಾತ್ರಿ ನಿದ್ದೆಯಿಲ್ಲ ಎನ್ನುತ್ತಾರೆ. ಇನ್ನೂ ಎರಡು ಪ್ರಶ್ನೆ ಕೇಳಿದ ಮೇಲೆ ಮನೆಯ ಮಾತು ಹೊರಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಂತೆ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13,044 ಮಂದಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. ಆತ್ಮಹತ್ಯೆಗೆ ಕಾರಣಗಳು ಅನೇಕ, ಚಿಂತೆಯ ಅಂಕದಿಂದ ಅದನ್ನು ಊಹಿಸಲು ಬರುವುದಿಲ್ಲ, ಈ ಪ್ರಶ್ನಾವಳಿ ಅದಕ್ಕಾಗಿ ಮಾಡಿದ್ದೂ ಅಲ್ಲ. ಆದರೆ ಹುಡುಗರ ಸರಾಸರಿ ಕಡಿಮೆ ಬಂತೆಂದು ಹುಡುಗರ ಹಾಸ್ಟೆಲ್ಲಿಗೆ ಆಪ್ತಸಮಾಲೋಚಕರ ಭೇಟಿ ಬೇಡವೆಂದು ತೀರ್ಮಾನಿಸುವ ಆಡಳಿತಕ್ಕೆ ಈ ಸಂಖ್ಯೆಯನ್ನು ತೋರಿಸಲೇಬೇಕು. ಈ ಸಾಧನದಿಂದ ಆಗಬಹುದಾದ ಅತಿ ದೊಡ್ಡ ಹಾನಿ ಇದೇ ಎಂದು ನಾನು ತಿಳಿದಿದ್ದೇನೆ.

ವಿಷಯ ತಿಳಿಯಬೇಕೆನ್ನುವವರು ವರಿ ಡೊಮೇನ್ಸ್ ಕ್ವೆಶ್ಚನೇರ್ ಎಂಬ ಇನ್ನೊಂದು ಮಾಪಕವನ್ನು ಜೊತೆಗಿಟ್ಟುಕೊಳ್ಳಬಹುದು. ಟ್ಯಾಲಿಸ್, ಐಸೆಂಕ್ ಮತ್ತು ಮ್ಯಾಥ್ಯೂಸ್ 1992ರಲ್ಲಿ ಪ್ರಕಟಿಸಿದ ಅದರಲ್ಲಿ 25 ವಾಕ್ಯಗಳಿದ್ದು, ಸಂಬಂಧಗಳು, ಆತ್ಮವಿಶ್ವಾಸದ ಕೊರತೆ, ಗುರಿಯಿಲ್ಲದ ಭವಿಷ್ಯ, ಕೆಲಸ ಮತ್ತು ಹಣ ಎಂಬ ಐದು ಕ್ಷೇತ್ರಗಳಿಗೆ ಹಂಚಿಕೊಂಡಿವೆ. ಹುಡುಗರ ಚಿಂತೆಯ ಬಹುಭಾಗ ಈ ಐದರೊಳಗೆ ಬಂದೀತು. ಪ್ರಯಾಣದ ಸುರಕ್ಷತೆ, ಮದುವೆಯ ಒತ್ತಡ, ಮನೆತನದ ಮರ್ಯಾದೆ ಇವಕ್ಕೆ ಅಲ್ಲಿ ಪ್ರತ್ಯೇಕ ಕ್ಷೇತ್ರವಿಲ್ಲ. ಬ್ರಿಟನ್ನಿನ ಮಾಪಕ ಬ್ರಿಟನ್ನಿನ ಬದುಕನ್ನೇ ಅಳೆಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ಹೀಗಾಗಿ ನಾನು ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು, ಈ ತಿಂಗಳು ನಿಮ್ಮನ್ನು ಹೆಚ್ಚು ಕಾಡಿದ ಮೂರು ಸಂಗತಿಗಳನ್ನು ಬರೆಯಿರಿ ಎಂದು ಕೇಳುತ್ತೇನೆ. 1ರ ಕಂಬದಲ್ಲಿ ಗೆರೆ ಎಳೆದವರೂ ಅಲ್ಲಿ ಒಂದೆರಡು ಸಾಲು ಬರೆದದ್ದುಂಟು. ಆ ಅರ್ಧ ಪುಟ ಅಂಕಗಳಿಗಿಂತ ಹೆಚ್ಚು ಕಲಿಸಿದೆ.

ಆತಂಕದ ಲಕ್ಷಣಗಳನ್ನು ಅಳೆಯುವ ಜಿಎಡಿ-7 ಎಂಬ ಮಾಪಕದ ಜೊತೆ ಪೆನ್ ಸ್ಟೇಟ್ ಪ್ರಶ್ನಾವಳಿಯನ್ನು ಗೊಂದಲ ಮಾಡಿಕೊಳ್ಳುವವರಿದ್ದಾರೆ. 2006ರಲ್ಲಿ ಪ್ರಕಟವಾದ ಆ ಏಳು ಪ್ರಶ್ನೆಗಳ ಮಾಪಕ ಕಳೆದ ಎರಡು ವಾರಗಳ ಲಕ್ಷಣಗಳನ್ನು ಕೇಳುತ್ತದೆ. ಒಟ್ಟು 21ರಲ್ಲಿ 5, 10 ಮತ್ತು 15 ಅಂಕಗಳು ಕ್ರಮವಾಗಿ ಸೌಮ್ಯ, ಮಧ್ಯಮ ಮತ್ತು ತೀವ್ರ ಆತಂಕದ ಗೆರೆಗಳು. ಪೆನ್ ಸ್ಟೇಟ್ ಪ್ರಶ್ನಾವಳಿಗೆ ಅಂತಹ ಅವಧಿಯಿಲ್ಲ, ವ್ಯಕ್ತಿಯ ಸಾಮಾನ್ಯ ಒಲವನ್ನು ಅದು ಕೇಳುತ್ತದೆ. ಈಗ ಸಹಾಯ ಬೇಕಾದವರು ಯಾರು ಎಂದು ತಿಳಿಯಬೇಕಾದ ಹಾಸ್ಟೆಲ್‌ಗೆ ಜಿಎಡಿ-7 ಹೆಚ್ಚು ಉಪಯುಕ್ತ. ಚಿಂತೆಯ ಸ್ವರೂಪವನ್ನು ಅಧ್ಯಯನ ಮಾಡಬೇಕಾದ ವಿಭಾಗಕ್ಕೆ ಪೆನ್ ಸ್ಟೇಟ್. ಯಾವುದನ್ನು ಬಳಸಿದರೂ, ಹೆಚ್ಚು ಅಂಕ ಬಂದವರಿಗೆ ಮುಂದೇನು ಎಂಬ ಉತ್ತರ ಹಂಚುವ ಮೊದಲೇ ಸಿದ್ಧವಿರಬೇಕು. ನಾನು ಹಾಳೆಯ ಕೆಳಗೆ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಈ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಎದುರಿಗೆ ಕುಳಿತು ಹೇಳಲಾಗದ ಹುಡುಗರಿಗೆ ಮುಖ ತೋರಿಸದೆ ಮಾತನಾಡುವ ಈ ದಾರಿ ಬಹಳ ಒಳ್ಳೆಯದು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ವರಿರುವ ಹುಡುಗಿಯರಿಗೆ ಫೋನಿನಲ್ಲಿ ಮನಬಿಚ್ಚಿ ಮಾತನಾಡುವ ಜಾಗವೇ ಇಲ್ಲ ಎಂಬುದನ್ನೂ ವಾರ್ಡನ್‌ಗಳು ಯೋಚಿಸಬೇಕು. ಸಂಜೆ ಹೊತ್ತು ಖಾಲಿಯಿರುವ ಒಂದು ಕೋಣೆಯ ಬಾಗಿಲು ತೆರೆದಿಟ್ಟರೆ ಸಾಕು.

ನನ್ನ ಅಭಿಪ್ರಾಯದಲ್ಲಿ ಪೆನ್ ಸ್ಟೇಟ್ ಪ್ರಶ್ನಾವಳಿ ಕೊಳ್ಳಲು ಯೋಗ್ಯವಾದ, ಅಂದರೆ ನಮ್ಮ ಸಮಯ ಮತ್ತು ವಿದ್ಯಾರ್ಥಿಗಳ ನಂಬಿಕೆಯನ್ನು ವೆಚ್ಚ ಮಾಡಲು ಯೋಗ್ಯವಾದ ಸಾಧನ. ಒಂಟಿಯಾಗಿ ಮಾತ್ರ ಅದನ್ನು ಬಳಸಬಾರದು. ಕಿರುಪ್ರಬಂಧಕ್ಕೆ ಬಳಸುವವರು ಸರಾಸರಿಗಳ ಜೊತೆಗೆ ಪ್ರಮಾಣಿತ ವಿಚಲನೆಯನ್ನೂ ಪರಿಣಾಮದ ಗಾತ್ರವನ್ನೂ (ಆ ವಿಚಲನೆಗೆ ಹೋಲಿಸಿದರೆ ಅಂತರ ಎಷ್ಟು ದೊಡ್ಡದು ಎಂಬುದನ್ನು) ಬರೆಯಲಿ, ಕಂಬಚಿತ್ರದ ಅಕ್ಷವನ್ನು 16ರಿಂದ ಆರಂಭಿಸಲಿ, ಗೆರೆ ಎಳೆದ ಹಾಳೆಗಳೆಷ್ಟು ಎಂಬುದನ್ನು ಹುಡುಗರು ಹುಡುಗಿಯರು ಎಂದು ಬೇರೆ ಬೇರೆಯಾಗಿ ವರದಿ ಮಾಡಲಿ. ಪರೀಕ್ಷಾ ವೇಳಾಪಟ್ಟಿ ಬಂದ ವಾರದಲ್ಲಿ ಹಂಚುವುದು ಬೇಡ. ಸೆಮಿಸ್ಟರ್ ಆರಂಭವಾಗಿ ತಿಂಗಳಾದ ಮೇಲೆ ಹಂಚಿದರೆ ಪರೀಕ್ಷೆಯ ಭಯ ಬೆರೆಯದ ಉತ್ತರ ಸಿಗುತ್ತದೆ. ರಿಜಿಸ್ಟರ್ ನಂಬರ್ ಕೇಳಬಾರದು, ಕೇಳಿದರೆ ಇಂಟರ್ನಲ್ ಅಂಕ ಕೊಡುವ ಅಧ್ಯಾಪಕರ ಮುಂದೆ ಯಾರೂ ಮನಸ್ಸು ತೆರೆಯುವುದಿಲ್ಲ. ತರಗತಿಯ ನಾಯಕರ ಕೈಯಲ್ಲಿ ಹಾಳೆ ಸಂಗ್ರಹಿಸುವ ರೂಢಿಯನ್ನೂ ಬಿಡಬೇಕು: ಅಕ್ಕಪಕ್ಕದವರ ಹಾಳೆಯ ಮೇಲೆ ಕಣ್ಣಾಡಿಸಲು ಅವಕಾಶವಿದೆಯೆಂದು ಗೊತ್ತಾದ ಕ್ಷಣದಲ್ಲಿ ಹುಡುಗರ ಪೆನ್ನು 1ರತ್ತ ಸರಿಯುತ್ತದೆ. ಬಾಗಿಲ ಬಳಿ ಮುಚ್ಚಿದ ಪೆಟ್ಟಿಗೆಯೊಂದನ್ನಿಟ್ಟು, ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ತಾವೇ ಮಡಿಸಿ ಅದರೊಳಗೆ ಹಾಕುವಂತೆ ಏರ್ಪಾಡು ಮಾಡಿಕೊಳ್ಳಿ.